ಊರು ಬಿಟ್ಟ ಮೇಲೂ ಹದವಾದ ಕಾಫಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರು, ವ್ಯಾನು, ಟೆಂಟು, ಟ್ರೇಲರ್‌ಗಳಲ್ಲಿ ಕಾಫಿ ಮಾಡಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಯಾವ ಸಾಧನ ಕೊಳ್ಳಬೇಕು ಎಂದೇ ಹೆಚ್ಚಿನವರು ಕೇಳಿದ್ದಾರೆ. ಉತ್ತರಗಳಲ್ಲಿ ಮಾತ್ರ ಸಾಧನಕ್ಕಿಂತ ನೀರಿನ ಬಿಸಿ, ಪುಡಿಯ ಅಳತೆ, ಉರಿ ಇವುಗಳ ಮಾತೇ ಜಾಸ್ತಿ ಬಂದಿದೆ. ಮನೆಯಿಂದಾಚೆ ಕಾಫಿ ಕೆಡುವುದು ಬಹುಪಾಲು ಅಲ್ಲಿಯೇ.

ಪ್ರಶ್ನೆ: ರಜೆ ಬಂದಾಗ ಐದು ಜನ ಕಾರಿನಲ್ಲಿ ಗೋಕರ್ಣದ ಕಡೆ ಹೋಗುತ್ತೇವೆ. ಹಿತ್ತಾಳೆ ಫಿಲ್ಟರ್ ಜೊತೆಗಿರುತ್ತದೆ. ಮನೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಇಳಿಯುವ ಡಿಕಾಕ್ಷನ್ ದಾರಿಯಲ್ಲಿ ಒಂದು ಗಂಟೆಯಾದರೂ ಇಳಿಯುವುದಿಲ್ಲ. ಹೊರಡುವಾಗಲೇ ಬಿಸಿನೀರು ಹಾಕಿ ಕಾಲ ಬಳಿ ಇಟ್ಟುಕೊಂಡಿರುತ್ತೇವೆ. ಎಲ್ಲಿ ತಪ್ಪುತ್ತಿದೆ?
— ಓದುಗರು, ದಾವಣಗೆರೆ

ಉತ್ತರ: ಓಡುವ ಕಾರಿನಲ್ಲಿ ಫಿಲ್ಟರ್ ಇಡುವುದರಿಂದಲೇ ಹೀಗಾಗುತ್ತಿದೆ. ಅಲುಗಾಟಕ್ಕೆ ಪುಡಿಯಲ್ಲಿರುವ ಅತಿ ಸಣ್ಣ ಕಣಗಳು ಕೆಳಗಿಳಿದು ತೂತುಗಳ ಮೇಲೆ ಕೂರುತ್ತವೆ. ಚಿಕೋರಿ ಬೆರೆತ ಪುಡಿಯಾದರೆ ಅದು ನೀರು ಕುಡಿದು ಉಬ್ಬಿ, ಉಳಿದ ಸಂದನ್ನೂ ಮುಚ್ಚಿಬಿಡುತ್ತದೆ. ತಿರುವಿನಲ್ಲಿ ಫಿಲ್ಟರ್ ಓರೆಯಾದಾಗ ಇದಕ್ಕೆ ವಿರುದ್ಧವಾದ ತೊಂದರೆ: ನೀರೆಲ್ಲ ಒಂದೇ ಪಕ್ಕದಿಂದ ಹಾದು ಇಳಿಯುತ್ತದೆ, ಇನ್ನೊಂದು ಪಕ್ಕದ ಪುಡಿ ಅರ್ಧ ಒಣಗೇ ಉಳಿಯುತ್ತದೆ. ಕುದಿನೀರು ತುಂಬಿದ ಪಾತ್ರೆ ಕಾಲ ಬಳಿ ಇರುವ ಅಪಾಯವಂತೂ ಬೇರೆ. ಗಾಡಿ ನಿಲ್ಲಿಸಿದ ಮೇಲೆಯೇ ಡಿಕಾಕ್ಷನ್ ಹಾಕಿ. ತಿಂಡಿ ಬಿಚ್ಚಿ ತಿಂದು ಮುಗಿಸುವಷ್ಟರಲ್ಲಿ ಅದು ಇಳಿದಿರುತ್ತದೆ.

ಐದು ಜನಕ್ಕೆ 40 ಗ್ರಾಂ ಪುಡಿ, 250 ಮಿಲಿ ನೀರು ಸಾಕು. ತಕ್ಕಡಿ ಇಲ್ಲದಿದ್ದರೆ ಗುಡ್ಡೆಯಾಗಿ ತುಂಬಿದ ಊಟದ ಚಮಚದಲ್ಲಿ ಸುಮಾರು ಆರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಕೆಳಗೆ ಸಿಗುವುದು 170 ಮಿಲಿ ಡಿಕಾಕ್ಷನ್. ಒಬ್ಬರಿಗೆ 30ರಿಂದ 35 ಮಿಲಿ ಡಿಕಾಕ್ಷನ್, 100 ಮಿಲಿ ಹಾಲು ಎಂದಿಟ್ಟರೆ ಅರ್ಧ ಲೀಟರಿನ ಒಂದು ಹಾಲಿನ ಪ್ಯಾಕೆಟ್‌ಗೆ ಲೆಕ್ಕ ಸರಿಹೋಗುತ್ತದೆ.

ಫಿಲ್ಟರನ್ನು ಮೊದಲು ಬಿಸಿನೀರಿನಲ್ಲಿ ಅದ್ದಿ ತೆಗೆದು, ಒಳಗಿನ ಪಸೆ ಒರೆಸಿ. ಪುಡಿ ಹಾಕಿ, ಪಾತ್ರೆಯ ಪಕ್ಕಕ್ಕೆ ಎರಡು ಸಲ ತಟ್ಟಿ ಮಟ್ಟ ಮಾಡಿ. ಹಿಡಿಯಿರುವ ತೂತಿನ ಬಿಲ್ಲೆಯನ್ನು ಅದರ ಮೇಲೆ ಬರೀ ಇಡಿ, ಒತ್ತಬೇಡಿ. ನೀರು ಕುದಿ ಬಂದು ಅರ್ಧ ನಿಮಿಷ ಕಳೆದ ಮೇಲೆ 50 ಮಿಲಿಯಷ್ಟನ್ನು ಬಿಲ್ಲೆಯ ಮೇಲೆ ಸುತ್ತಲೂ ಸುರಿದು ಮತ್ತೆ ಅರ್ಧ ನಿಮಿಷ ಬಿಡಿ. ಪುಡಿ ಪೂರ್ತಿ ನೆನೆದು ಒಳಗಿನ ಗಾಳಿ ಹೊರಬೀಳಬೇಕು. ಆಮೇಲೆ ಉಳಿದ ನೀರು ಹಾಕಿ ಮುಚ್ಚಳ ಮುಚ್ಚಿ. ಮೊದಲ ಹನಿ ಒಂದೆರಡು ನಿಮಿಷದೊಳಗೆ ಬೀಳಬೇಕು, ಹದಿನೈದರಿಂದ ಇಪ್ಪತ್ತೈದು ನಿಮಿಷಕ್ಕೆ ಇಳಿದು ಮುಗಿಯಬೇಕು.

ಇಷ್ಟಾದರೂ ಇಳಿಯದಿದ್ದರೆ ಮೊದಲು ಮೇಲಿನ ಪಾತ್ರೆಯನ್ನು ಒಂದು ಸಲ ಸ್ವಲ್ಪ ಎತ್ತಿ ಮತ್ತೆ ಕೂರಿಸಿ. ಎರಡೂ ಪಾತ್ರೆಗಳು ಬಿಗಿಯಾಗಿ ಕೂತಿದ್ದರೆ ಕೆಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ, ಹನಿ ಕಟ್ಟಿಹೋಗುತ್ತದೆ. ಮೇಲಿನ ಮುಚ್ಚಳ ಬಿಗಿಯಾದರೂ ಅಷ್ಟೇ. ಎತ್ತಿ ಕೂರಿಸಿದ ಕೂಡಲೇ ಹನಿ ಶುರುವಾದರೆ ಪುಡಿಯದೇನೂ ತಪ್ಪಿಲ್ಲ ಎಂದರ್ಥ. ಶುರುವಾಗದಿದ್ದರೆ ಪುಡಿ ತೀರಾ ನುಣ್ಣಗಿದೆ ಅಥವಾ ಚಿಕೋರಿ ಹೆಚ್ಚಾಗಿದೆ. ನಮ್ಮಲ್ಲಿ ಕಾಫಿ-ಚಿಕೋರಿ ಮಿಶ್ರಣ ಎಂದು ಮಾರುವ ಪುಡಿಯಲ್ಲಿ ಕಾನೂನಿನ ಪ್ರಕಾರ ಕಾಫಿ ನೂರಕ್ಕೆ 51 ಭಾಗ ಇದ್ದರೆ ಸಾಕು. ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ನಮೂದಿಸಿರಬೇಕು, ಓದಿ ಕೊಳ್ಳಿ. ಪ್ರಯಾಣಕ್ಕೆ 80:20 ಮಿಶ್ರಣ ಒಳ್ಳೆಯದು. ಅಂಗಡಿಯಲ್ಲಿ ಎದುರಿಗೇ ಹುರಿದು ಪುಡಿ ಮಾಡಿಸುವುದಾದರೆ ‘ಫಿಲ್ಟರ್‌ಗೆ, ಸ್ವಲ್ಪ ದಪ್ಪ’ ಎಂದು ಹೇಳಿ.

ಪ್ರಶ್ನೆ: ಮನೆಯಲ್ಲೇ ಡಿಕಾಕ್ಷನ್ ಇಳಿಸಿ ಫ್ಲಾಸ್ಕಿನಲ್ಲಿ ಬಿಸಿಬಿಸಿಯಾಗಿ ಒಯ್ದರೆ ಆಗದೆ?
— ಓದುಗರು, ತುಮಕೂರು

ಉತ್ತರ: ಒಯ್ಯಬಹುದು, ಆದರೆ ಬಿಸಿಯಾಗಿ ಬೇಡ. ಬಿಸಿಯಲ್ಲೇ ಗಂಟೆಗಟ್ಟಲೆ ಕೂತ ಡಿಕಾಕ್ಷನ್ ಘಮ ಕಳೆದುಕೊಂಡು ಹುಳಿಯಾಗುತ್ತದೆ; ಆ ಹುಳಿಗೆ ಕೆಲವೊಮ್ಮೆ ಹಾಲೂ ಒಡೆಯುತ್ತದೆ. ಇಳಿದ ಡಿಕಾಕ್ಷನ್ನನ್ನು ಆರಿಸಿ, ಗಾಜಿನ ಅಥವಾ ಸ್ಟೀಲಿನ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ. ಮೇಲೆ ಖಾಲಿ ಜಾಗ ಉಳಿದಷ್ಟೂ ಗಾಳಿ ತಾಗಿ ಬೇಗ ಕೆಡುತ್ತದೆ. ಹೊರಗಿಟ್ಟರೆ ಅದೇ ದಿನ ಮುಗಿಸಿ. ಐಸ್ ಪೆಟ್ಟಿಗೆಯಲ್ಲಿದ್ದರೆ ಎರಡು ದಿನ ಚೆನ್ನಾಗಿರುತ್ತದೆ. ಕುಡಿಯುವಾಗ ಅದನ್ನು ನೇರ ಉರಿಯ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನೋ ಲೋಟವನ್ನೋ ಮೂರ್ನಾಲ್ಕು ನಿಮಿಷ ನಿಲ್ಲಿಸಿ, ಚೆನ್ನಾಗಿ ಕಾದ ಹಾಲನ್ನು ಬೆರೆಸಿದರೆ ಸಾಕು. ಡಿಕಾಕ್ಷನ್ ಕುದಿಯಿತೆಂದರೆ ಕಹಿ ಮಾತ್ರ ಉಳಿಯುತ್ತದೆ.

ಹಿತ್ತಾಳೆ ಫಿಲ್ಟರಿನ ಕೆಳಪಾತ್ರೆಯಲ್ಲೇ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಬಳಸುವ ಅಭ್ಯಾಸವಿದ್ದರೆ ಬಿಡಿ. ಕಲಾಯಿ ಸವೆದ ಜಾಗದಲ್ಲಿ ಡಿಕಾಕ್ಷನ್ನಿನ ಹುಳಿಗೆ ಲೋಹದ ರುಚಿ ಬಿಡುತ್ತದೆ.

ಪ್ರಶ್ನೆ: ಎರಡು ದಿನದ ಪ್ರವಾಸದಲ್ಲಿ ಹಾಲಿನದೇ ದೊಡ್ಡ ತಲೆನೋವು. ಪ್ಯಾಕೆಟ್ ಹಾಲು ಸಂಜೆಗೇ ಒಡೆಯುತ್ತದೆ. ಹಾಲಿನ ಪುಡಿ ಗಂಟು ಕಟ್ಟುತ್ತದೆ. ಬೆಲ್ಲದ ಕಾಫಿ ಮಾಡಲು ಹೋದಾಗಲೂ ಹಾಲು ಒಡೆಯಿತು.
— ಓದುಗರು, ಹಾಸನ

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ.

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ ಹೊರತು ಅದರಲ್ಲಿ ಜೀವಾಣು ಪೂರ್ತಿ ಸತ್ತಿರುವುದಿಲ್ಲ. ಬಿಸಿಲಿಗೆ ನಿಂತ ಕಾರಿನ ಒಳಗೆ ಸೆಕೆ 50 ಡಿಗ್ರಿ ದಾಟುತ್ತದೆ, ಅಲ್ಲಿ ಅದು ಉಳಿಯುವುದು ಕಷ್ಟ. ಪ್ರಯಾಣಕ್ಕೆ ಯುಎಚ್‌ಟಿ (ಅತಿ ಬಿಸಿಯಲ್ಲಿ ಕಾಯಿಸಿ ಗಾಳಿಯಾಡದಂತೆ ಕಟ್ಟಿದ) ಹಾಲು ತಗೊಳ್ಳಿ. ನಂದಿನಿ ಗುಡ್‌ಲೈಫ್ ಅಂಥದ್ದು, ಎಲ್ಲ ಊರಿನಲ್ಲೂ ಸಿಗುತ್ತದೆ. ಒಡೆಯದ ಪೊಟ್ಟಣಕ್ಕೆ ಫ್ರಿಜ್ ಬೇಡ. ಆದರೆ ಒಮ್ಮೆ ಕತ್ತರಿಸಿದ ಮೇಲೆ ಅದೂ ಮಾಮೂಲಿ ಹಾಲೇ. ಒಂದು ಲೀಟರಿನ ಬದಲು ಸಣ್ಣ ಪೊಟ್ಟಣಗಳನ್ನು ಒಯ್ದು, ಒಂದು ಹೊತ್ತಿಗೆ ಒಂದನ್ನು ಬಿಚ್ಚಿ ಮುಗಿಸಿ. ಮನೆಯಿಂದ ಕಾಯಿಸಿದ ಹಾಲನ್ನೇ ಒಯ್ಯುವುದಾದರೆ ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿ ಬಂದ ಹಾಲು ತುಂಬಿ, ನಾಲ್ಕು ಗಂಟೆಯೊಳಗೆ ಬಳಸಿ. ಹಾಲು ಉಗುರುಬೆಚ್ಚಗೆ ಇಳಿದ ಮೇಲೆ ಫ್ಲಾಸ್ಕಿನೊಳಗೆ ಜೀವಾಣು ಬೆಳೆಯಲು ತಕ್ಕ ಹದ ಸಿಕ್ಕಿಬಿಡುತ್ತದೆ.

ಹಾಲಿನ ಪುಡಿಯನ್ನು ಕುದಿನೀರಿಗೆ ಹಾಕಿದರೆ ಗಂಟಾಗುತ್ತದೆ. ಹೊರಪದರ ಕೂಡಲೇ ಅಂಟಾಗಿ ಒಳಗೆ ನೀರು ಹೋಗುವುದಿಲ್ಲ. 13 ಗ್ರಾಂ ಕೆನೆಭರಿತ ಪುಡಿಗೆ ಮೊದಲು ಎರಡು ಚಮಚ ಬೆಚ್ಚಗಿನ ನೀರು ಹಾಕಿ ನುಣ್ಣಗೆ ಕಲಸಿ, ಆಮೇಲೆ 100 ಮಿಲಿಯಾಗುವಷ್ಟು ನೀರು ಸೇರಿಸಿ ಕಾಯಿಸಿ. ಕಾಫಿಗೆ ಇನ್ನೊಂದು ಅರ್ಧ ಚಮಚ ಹೆಚ್ಚು ಹಾಕಿದರೆ ಗಟ್ಟಿ ಹಾಲಿನ ಹದ ಬರುತ್ತದೆ. ‘ಡೈರಿ ವೈಟ್ನರ್’ ಎಂದಿರುವ ಪುಡಿಯಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುತ್ತದೆ, ಅದನ್ನು ಗಮನಿಸಿ.

ಬೆಲ್ಲದಲ್ಲಿ ಹುಳಿಯ ಅಂಶವಿರುವುದರಿಂದ, ಹಾಲಿನ ಜೊತೆ ಕುದಿಸಿದರೆ ಒಡೆಯುತ್ತದೆ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಡಿಕಾಕ್ಷನ್ನಿಗೆ ಸೇರಿಸಿಡಿ. ಹಾಲನ್ನು ಬೇರೆ ಕಾಯಿಸಿ, ಉರಿಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಕೊನೆಗೆ ಬೆರೆಸಿ. ಬೆರೆಸಿದ ಮೇಲೆ ಮತ್ತೆ ಒಲೆಗೆ ಇಡಬೇಡಿ. ಮಲೆನಾಡು, ಕೊಡಗಿನ ಮನೆಗಳಂತೆ ಬೆಲ್ಲದ ಕಾಫಿಯನ್ನು ಹಾಲಿಲ್ಲದೆ ಕುಡಿಯುವುದಾದರೆ ಈ ಕಷ್ಟವೇ ಇಲ್ಲ.

ಪ್ರಶ್ನೆ: ಬೆಟ್ಟ ಹತ್ತುವಾಗ ಚೀಲದಲ್ಲಿ ಒಂದೊಂದು ಗ್ರಾಂ ಭಾರವೂ ಲೆಕ್ಕ. ಇಬ್ಬರಿಗೆ ಸಾಕಾಗುವ ಕಾಫಿಗೆ ಅತಿ ಹಗುರವಾದ ದಾರಿ ಯಾವುದು? ಇನ್‌ಸ್ಟಂಟ್ ಬೇಡ.
— ಓದುಗರು, ಶಿವಮೊಗ್ಗ

ಉತ್ತರ: ಒಂದು ಪಾತ್ರೆ, ಒಂದು ಅಂಗೈಯಗಲದ ಹತ್ತಿ ಬಟ್ಟೆ. ಮಲೆನಾಡಿನ ಅಜ್ಜಿಯರ ಕೈಯಲ್ಲಿ ಪಳಗಿದ ಈ ಕ್ರಮಕ್ಕೆ ಕೊಳ್ಳಬೇಕಾದ ಸಾಧನ ಒಂದೂ ಇಲ್ಲ. 300 ಮಿಲಿ ನೀರನ್ನು 20 ಗ್ರಾಂ ಬೆಲ್ಲದ ಜೊತೆ ಕುದಿಸಿ. ಉರಿ ಆರಿಸಿ. 20 ಗ್ರಾಂ ಪುಡಿ ಉದುರಿಸಿ, ಒಂದು ಸಲ ಕದಡಿ ಮುಚ್ಚಿಡಿ. ನಾಲ್ಕು ನಿಮಿಷ ಬಿಟ್ಟು, ಒಂದು ಚಮಚ ತಣ್ಣೀರು ಚಿಮುಕಿಸಿದರೆ ಮೇಲೆ ತೇಲುತ್ತಿದ್ದ ಪುಡಿ ತಳಕ್ಕಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ. ಹಿಂಡಿದರೆ ನುಣ್ಣನೆಯ ಗಸಿಯೂ ಕಹಿಯೂ ಜೊತೆಗೆ ಬರುತ್ತವೆ. ಕೆಡುವ ಜಾಗ ಒಂದೇ: ಪುಡಿ ಹಾಕಿದ ಮೇಲೂ ಕುದಿಸುತ್ತಾ ಹೋಗುವುದು. ಹೊಸ ಬಟ್ಟೆಯನ್ನು ಮನೆಯಲ್ಲೇ ಎರಡು ಸಲ ಬರೀ ನೀರಿನಲ್ಲಿ ಕುದಿಸಿ ಗಂಜಿ ತೆಗೆದಿರಬೇಕು. ಅದಕ್ಕೆ ಸೋಪು ತಾಗಿಸಲೇಬೇಡಿ, ಆ ವಾಸನೆ ಹೋಗುವುದಿಲ್ಲ.

ಹಾಲಿನ ಕಾಫಿ ಬೇಕು, ಸ್ವಲ್ಪ ಭಾರವಾದರೂ ಸರಿ ಎನ್ನುವವರಿಗೆ ಏರೋಪ್ರೆಸ್ ಒಳ್ಳೆಯದು. 2005ರಲ್ಲಿ ಅಮೆರಿಕದ ಆ್ಯಲನ್ ಆ್ಯಡ್ಲರ್ ತಂದ ಈ ಪ್ಲಾಸ್ಟಿಕ್ ಕೊಳವೆ ಬಿದ್ದರೂ ಒಡೆಯುವುದಿಲ್ಲ, ಗಸಿ ಒಂದು ಬಿಲ್ಲೆಯಾಗಿ ಹೊರಬೀಳುವುದರಿಂದ ತೊಳೆಯಲು ಒಂದು ಲೋಟ ನೀರು ಸಾಕು. 18 ಗ್ರಾಂ ನುಣ್ಣನೆಯ ಪುಡಿಗೆ 90 ಮಿಲಿ ಬಿಸಿನೀರು, ಒಂದೂವರೆ ನಿಮಿಷ ನೆನೆಸಿ, ಅರ್ಧ ನಿಮಿಷ ನಿಧಾನವಾಗಿ ಒತ್ತಿದರೆ ಫಿಲ್ಟರ್ ಡಿಕಾಕ್ಷನ್ನಿಗೆ ಹತ್ತಿರದ್ದೇ ಸಿಗುತ್ತದೆ. ಒತ್ತಲು ಕಷ್ಟವಾದರೆ ಬಲ ಹಾಕಬೇಡಿ. ಲೋಟ ಜಾರಿ ಕೈ ಸುಡುತ್ತದೆ. ಪುಡಿಯನ್ನು ಒಂದು ಹದ ದಪ್ಪ ಮಾಡಿಸಿ. ಗಾಜಿನ ಫ್ರೆಂಚ್ ಪ್ರೆಸ್ಸನ್ನು ಬೆನ್ನಚೀಲಕ್ಕೆ ಹಾಕಬೇಡಿ. ಒಡೆಯುವುದಷ್ಟೇ ಅಲ್ಲ, ಅದರ ತಳದ ಗಸಿ ತೊಳೆಯಲು ಬೇಕಾಗುವಷ್ಟು ನೀರು ಬೆಟ್ಟದ ಮೇಲೆ ಸಿಗುವುದಿಲ್ಲ.

ಒಂದು ಮುಖ್ಯ ಮಾತು: ಅರಣ್ಯ ಇಲಾಖೆಯ ಚಾರಣದ ದಾರಿಗಳಲ್ಲಿ ಬೆಂಕಿ ಹಚ್ಚುವಂತಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಶೋಲಾ ಕಾಡುಗಳ ಸುತ್ತಲಿನ ಒಣಹುಲ್ಲಿಗೆ ಒಂದು ಕಿಡಿ ಸಾಕು. ಒಲೆ ಹಚ್ಚುವುದೇನಿದ್ದರೂ ಬೆಟ್ಟದ ಬುಡದ ಹೋಮ್‌ಸ್ಟೇ ಅಂಗಳದಲ್ಲಿ. ಬೆಟ್ಟಕ್ಕೆ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ದು, ಬಟ್ಟಲ ಅಂಚಿಗೆ ತಗುಲಿಸುವ ಡ್ರಿಪ್ ಬ್ಯಾಗ್ ಬಳಸಿ. ಒಂದು ಚೀಲದಲ್ಲಿ 10ರಿಂದ 12 ಗ್ರಾಂ ಪುಡಿ ಇರುತ್ತದೆ, 150 ಮಿಲಿ ನೀರನ್ನು ಮೂರು ಕಂತಿನಲ್ಲಿ ಸುರಿಯಿರಿ. ನೀರು 85 ಡಿಗ್ರಿಗಿಂತ ತಣ್ಣಗಾಗಿದ್ದರೆ ಕಾಫಿ ಸಪ್ಪೆಯಾಗುತ್ತದೆ. ಹೀಗಾಗಿ ಫ್ಲಾಸ್ಕಿನ ಬಿಸಿನೀರನ್ನು ಮೊದಲ ಮೂರು ಗಂಟೆಯೊಳಗೆ ಬಳಸುವುದು ಮೇಲು.

ಪ್ರಶ್ನೆ: ಮೋಕಾ ಪಾಟ್ ಕೊಂಡಿದ್ದೇನೆ. ಮನೆಯ ಒಲೆಯಲ್ಲಿ ಸರಿಯಾಗಿ ಬರುವ ಕಾಫಿ ಕ್ಯಾಂಪಿನ ಸ್ಟೌ ಮೇಲೆ ಸುಟ್ಟ ವಾಸನೆ ಬರುತ್ತದೆ, ಕೆಲವೊಮ್ಮೆ ಪಕ್ಕದಿಂದ ಹಬೆ ಸೋರುತ್ತದೆ.
— ಓದುಗರು, ಮಂಗಳೂರು

ಉತ್ತರ: ತಳದ ನೀರು ಹಬೆಯ ಒತ್ತಡಕ್ಕೆ ನಡುವಿನ ಪುಡಿಯ ಮೂಲಕ ಹಾದು ಮೇಲಿನ ಭಾಗಕ್ಕೆ ಏರುವ ಪಾತ್ರೆ ಇದು. ಇಟಲಿಯಲ್ಲಿ 1933ರಲ್ಲಿ ಬಿಯಾಲೆಟ್ಟಿ ಹೊರತಂದದ್ದು, ಸಣ್ಣ ಉರಿಗೆ ಹೇಳಿಮಾಡಿಸಿದ್ದು. ಕ್ಯಾಂಪಿನ ಸ್ಟೌ ಉರಿ ಕಿರಿದಾಗಿ ನಡುಮಧ್ಯಕ್ಕೆ ಜೋರಾಗಿ ಬಡಿಯುತ್ತದೆ. ಉರಿಯನ್ನು ಆರುವ ಹಂತದವರೆಗೆ ತಗ್ಗಿಸಿ, ಕೆಳಗೊಂದು ದಪ್ಪ ತಗಡನ್ನೋ ಹಳೆಯ ಸಣ್ಣ ಕಾವಲಿಯನ್ನೋ ಇಡಿ. ತಣ್ಣೀರು ತುಂಬಿ ಕಾಯಿಸಿದರೆ ಅದು ಕಾಯುವಷ್ಟು ಹೊತ್ತು ಪುಡಿ ಸುಮ್ಮನೆ ಬೇಯುತ್ತದೆ. ಬೇರೆ ಪಾತ್ರೆಯಲ್ಲಿ ಕಾಯಿಸಿದ ನೀರನ್ನೇ ತಳಕ್ಕೆ ಹಾಕಿ, ಪಕ್ಕದಲ್ಲಿ ಕಾಣುವ ಕವಾಟಕ್ಕಿಂತ ಸ್ವಲ್ಪ ಕೆಳಗಿನವರೆಗೆ ಮಾತ್ರ. ಬಟ್ಟೆಯಲ್ಲಿ ಹಿಡಿದು ಬಿಗಿ ತಿರುಗಿಸಿ. ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ, ತಳವನ್ನು ಒದ್ದೆ ಬಟ್ಟೆಯ ಮೇಲೆ ಇಡಿ. ಆ ಸದ್ದಿನ ನಂತರ ಬರುವುದೆಲ್ಲ ಹಬೆಯಲ್ಲಿ ಸುಟ್ಟ ಕಹಿ.

ಪಕ್ಕದಿಂದ ಸೋರುವುದಕ್ಕೆ ರಬ್ಬರ್ ಉಂಗುರ ಗಟ್ಟಿಯಾಗಿರುವುದು ಅಥವಾ ಅಂಚಿನಲ್ಲಿ ಪುಡಿ ಸಿಕ್ಕಿರುವುದು ಕಾರಣ. ಕವಾಟದಿಂದಲೇ ಹಬೆ ಚಿಮ್ಮಿದರೆ ಕೂಡಲೇ ಉರಿ ಆರಿಸಿ. ಒಳಗೆ ಪುಡಿ ಕಟ್ಟಿಕೊಂಡಿದೆ. 30 ಭಾಗ ಚಿಕೋರಿ ಇರುವ ನಮ್ಮ ಫಿಲ್ಟರ್ ಪುಡಿ ಇದರಲ್ಲಿ ಉಬ್ಬಿ ಹೀಗೆ ಮಾಡುವುದುಂಟು. ಮೋಕಾಗೆ ಚಿಕೋರಿ ಇಲ್ಲದ ಪುಡಿಯೇ ಇರಲಿ, ಹೆಚ್ಚೆಂದರೆ 10 ಭಾಗ. ಬುಟ್ಟಿಯಲ್ಲಿ ಪುಡಿಯನ್ನು ಒತ್ತಬೇಡಿ.

ಪ್ರಶ್ನೆ: ಮನಾಲಿಯಿಂದ ಲೇಹ್‌ಗೆ ಸ್ವಂತ ವಾಹನದಲ್ಲಿ ಹೊರಟಿದ್ದೇವೆ. ಅಲ್ಲಿ ಫಿಲ್ಟರ್ ಕಾಫಿ ನೀರುನೀರಾಗುತ್ತದೆ, ಬೆಳಗ್ಗೆ ಗ್ಯಾಸ್ ಸ್ಟೌ ಹತ್ತುವುದೇ ಇಲ್ಲ ಎಂದು ಹೋಗಿಬಂದವರು ಹೇಳುತ್ತಾರೆ. ಏನು ಮಾಡಬೇಕು?
— ಓದುಗರು, ಬೆಂಗಳೂರು

ಉತ್ತರ: ಅವರು ಹೇಳಿದ್ದು ಸರಿ. ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ಮೇಲೆ 93–94 ಡಿಗ್ರಿಗೆ ಕುದಿ ಬರುತ್ತದೆ, ಅದು ಕಾಫಿಗೆ ತಕ್ಕುದೇ. ಲೇಹ್ 3,500 ಮೀಟರ್, ಅಲ್ಲಿ 88. ಪಾಂಗಾಂಗ್ ಸರೋವರದ ದಡದಲ್ಲಿ 86ರ ಆಸುಪಾಸು. ಎಷ್ಟೇ ಹೊತ್ತು ಕುದಿಸಿದರೂ ಅದಕ್ಕಿಂತ ಮೇಲೇರುವುದಿಲ್ಲ. ಇದರ ಮೇಲೆ ತಣ್ಣಗಿನ ಫಿಲ್ಟರ್ ಬೇರೆ. 300 ಗ್ರಾಂ ತೂಕದ ಹಿತ್ತಾಳೆ ಫಿಲ್ಟರ್ ಬೆಳಗಿನ ಚಳಿಗೆ 5 ಡಿಗ್ರಿಯಲ್ಲಿದ್ದರೆ, ಅದಕ್ಕೆ ಸುರಿದ 150 ಮಿಲಿ ನೀರು ಹತ್ತು ಡಿಗ್ರಿಗೂ ಹೆಚ್ಚು ಬಿಸಿ ಕಳೆದುಕೊಳ್ಳುತ್ತದೆ. ನೀರುನೀರಾಗುವುದು ಅದಕ್ಕೇ.

ಹಿತ್ತಾಳೆಯದನ್ನು ಮನೆಯಲ್ಲೇ ಬಿಟ್ಟು ತೆಳು ಸ್ಟೀಲಿನ ಫಿಲ್ಟರ್ ಒಯ್ಯಿರಿ. ಮೇಲಿನ ಪಾತ್ರೆಯನ್ನು ಕುದಿವ ನೀರಿನಲ್ಲಿ ಪೂರ್ತಿ ಮುಳುಗಿಸಿ ತೆಗೆದ ಕೂಡಲೇ ಪುಡಿ ಹಾಕಿ. ಪುಡಿ ಐದನೇ ಒಂದು ಭಾಗ ಹೆಚ್ಚಿರಲಿ. ಉರಿ ಆರಿಸಿ ಕಾಯಬೇಡಿ, ಕುದಿಯುತ್ತಿರುವಾಗಲೇ ಸುರಿಯಿರಿ. ಫಿಲ್ಟರಿಗೆ ಉಣ್ಣೆಯ ಟೋಪಿ ಸುತ್ತಿ. ಇನ್ನೂ ನಂಬಿಕೆಯ ದಾರಿ ಬೇಕೆಂದರೆ ಮೇಲೆ ಹೇಳಿದ ಬಟ್ಟೆಯಲ್ಲಿ ಸೋಸುವ ಕ್ರಮ: ಪುಡಿ ಹಾಕಿದ ಪಾತ್ರೆಯನ್ನು ಅತಿ ಸಣ್ಣ ಉರಿಯ ಮೇಲೆ ಕುದಿ ಬಾರದಂತೆ ಐದು ನಿಮಿಷ ಹಿಡಿಯಬಹುದು. ಫಿಲ್ಟರಿನಲ್ಲಿ ಬಿಸಿ ಇಳಿಯುತ್ತಲೇ ಹೋಗುತ್ತದೆ, ಇಲ್ಲಿ ಕಾಪಾಡಿಕೊಳ್ಳಲು ಬರುತ್ತದೆ. ಎತ್ತರದಲ್ಲಿ ನಾವು ಇದನ್ನೇ ಮೊದಲು ಹೇಳುವುದು.

ಇನ್ನು ಗ್ಯಾಸ್. ಪೆಟ್ಟಿಗೆಯಾಕಾರದ ಸ್ಟೌಗೆ ಅಡ್ಡಲಾಗಿ ಹಾಕುವ ಉದ್ದನೆಯ ಕ್ಯಾನುಗಳಲ್ಲಿ ಇರುವುದು ಹೆಚ್ಚಾಗಿ ಬ್ಯೂಟೇನ್. ಸಮುದ್ರಮಟ್ಟದಲ್ಲಿ ಅದು ಮೈನಸ್ 0.5 ಡಿಗ್ರಿಗಿಂತ ತಣ್ಣಗಾದರೆ ಆವಿಯಾಗುವುದೇ ಇಲ್ಲ. ಎತ್ತರಕ್ಕೆ ಹೋದಂತೆ ಈ ಮಿತಿ ಇನ್ನಷ್ಟು ಕೆಳಗಿಳಿಯುವುದು ನಿಜ. ಆದರೆ ಉರಿಯುತ್ತಾ ಇದ್ದಂತೆ ಕ್ಯಾನು ತಾನೇ ತಣ್ಣಗಾಗುತ್ತಾ ಹೋಗುವುದರಿಂದ, ಹತ್ತಿದ ಉರಿಯೂ ಎರಡು ನಿಮಿಷಕ್ಕೆ ಸೊರಗುತ್ತದೆ. ಐಸೊಬ್ಯೂಟೇನ್ (ಮೈನಸ್ 12) ಮತ್ತು ಪ್ರೊಪೇನ್ (ಮೈನಸ್ 42) ಬೆರೆಸಿದ, ತಿರುಗಿಸಿ ಕೂರಿಸುವ ಕ್ಯಾನು ಕೊಳ್ಳಿ. ರಾತ್ರಿ ಅದನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ. ಬೆಳಗ್ಗೆ ಉರಿ ಸೊರಗಿದರೆ ಕ್ಯಾನನ್ನು ಅಗಲದ ತಟ್ಟೆಯಲ್ಲಿ ಎರಡು ಬೆರಳು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಬೆಂಕಿಗೆ ಹಿಡಿದು ಬೆಚ್ಚಗೆ ಮಾಡುವುದು ಪ್ರಾಣಕ್ಕೇ ಅಪಾಯ. ಗಾಳಿಗೆ ತಗಡಿನ ತಡೆ ಕಟ್ಟುವಾಗಲೂ ಸುತ್ತ ಪೂರ್ತಿ ಮುಚ್ಚಬೇಡಿ, ಕ್ಯಾನು ಕಾದು ಸಿಡಿಯಬಹುದು. ಪೆಟ್ಟಿಗೆ ಸ್ಟೌ ಮೇಲೆ ಕ್ಯಾನಿನ ಭಾಗವನ್ನೂ ಮುಚ್ಚುವಷ್ಟು ಅಗಲದ ಪಾತ್ರೆ ಇಡಬಾರದು, ಕಾರಣ ಅದೇ.

ಚಳಿ ಎಂದು, ಮಳೆ ಎಂದು ಟೆಂಟಿನೊಳಗೆ ಅಥವಾ ಗಾಜೇರಿಸಿದ ವಾಹನದೊಳಗೆ ಸ್ಟೌ ಹಚ್ಚಲೇಬೇಡಿ. ಉರಿಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗುತ್ತಿದೆ ಎನ್ನಿಸುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿ ಹೋಗಿರುತ್ತದೆ. ಲೇಹ್‌ನ ಎತ್ತರದಲ್ಲಿ ಆ ತಲೆನೋವನ್ನು ಎತ್ತರದ್ದೆಂದು ತಪ್ಪು ತಿಳಿಯುವ ಸಂಭವವೂ ಇದೆ.

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರನ್ನು ಮಲಗುವ ವ್ಯಾನಾಗಿ ಮಾಡಿಸಿದ್ದೇವೆ. 100 ಆಂಪಿಯರ್-ಅವರ್ ಬ್ಯಾಟರಿ, 12 ವೋಲ್ಟ್. ಲೈಟರ್ ಸಾಕೆಟ್ಟಿಗೆ ಹಾಕುವ ಕೆಟಲ್ ಸಾಕೋ, ಇನ್ವರ್ಟರ್ ಹಾಕಿಸಿ ಮನೆಯ ಕೆಟಲ್ ಬಳಸಬೇಕೋ?
— ಓದುಗರು, ಹುಬ್ಬಳ್ಳಿ

ಉತ್ತರ: ಲೆಕ್ಕ ಹಾಕಿ ನೋಡೋಣ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 44 ವ್ಯಾಟ್-ಅವರ್ ಬೇಕು. ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್, ಅಂದರೆ 120ರಿಂದ 180 ವ್ಯಾಟ್. ಅದಕ್ಕೆ ಹಾಕುವ ಕೆಟಲ್ ಅರ್ಧ ಲೀಟರ್ ಕುದಿಸಲು ಅರ್ಧ ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ತಂತಿ, ಸಾಕೆಟ್ ಎರಡೂ ಕಾಯುತ್ತವೆ. ಸಾಕೆಟ್ ಸಡಿಲವಿದ್ದರೆ ಕರಗುವುದೂ ಉಂಟು.

ಮನೆಯ 1500 ವ್ಯಾಟ್ ಕೆಟಲ್ಲಿಗೆ ಬ್ಯಾಟರಿಯಿಂದ 125 ಆಂಪಿಯರ್, ಇನ್ವರ್ಟರಿನ ನಷ್ಟವೂ ಸೇರಿ 140 ಎಳೆಯಬೇಕು. ನಿಮ್ಮ ಬ್ಯಾಟರಿ ಸೀಸದ್ದಾದರೆ ವೋಲ್ಟೇಜ್ ಕುಸಿದು ಇನ್ವರ್ಟರ್ ಕಿರುಚಿ ನಿಲ್ಲುತ್ತದೆ. ಲಿಥಿಯಂ ಆದರೆ ಅದರೊಳಗಿನ ರಕ್ಷಣೆಯ ಸರ್ಕ್ಯೂಟ್ 100 ಆಂಪಿಯರಿಗೇ ಕಡಿದುಹಾಕುವುದು ಸಾಮಾನ್ಯ. ಇಲ್ಲಿ ತೊಂದರೆ ಎಷ್ಟು ವಿದ್ಯುತ್ ಖರ್ಚಾಗುತ್ತದೆ ಎಂಬುದರದಲ್ಲ, ಒಮ್ಮೆಲೇ ಎಷ್ಟು ಎಳೆಯುತ್ತದೆ ಎಂಬುದರದು.

ನಮ್ಮ ಸಲಹೆ: ಪ್ರಯಾಣಕ್ಕೆಂದೇ ಮಾರುವ ಅರ್ಧ ಲೀಟರಿನ, 600 ವ್ಯಾಟಿನ ಕೆಟಲ್, ಜೊತೆಗೆ 1000 ವ್ಯಾಟಿನ ಶುದ್ಧ ಸೈನ್ ವೇವ್ ಇನ್ವರ್ಟರ್. ಎಳೆತ 57 ಆಂಪಿಯರ್ ಆಸುಪಾಸು, ಐದಾರು ನಿಮಿಷದಲ್ಲಿ ಕುದಿ, ಒಂದು ಸಲಕ್ಕೆ ಬ್ಯಾಟರಿಯಿಂದ ಐದು ಆಂಪಿಯರ್-ಅವರ್ ಖರ್ಚು. ಬ್ಯಾಟರಿಯಿಂದ ಇನ್ವರ್ಟರಿಗೆ ತಂತಿ ದಪ್ಪಗಿರಲಿ, ಒಂದು ಮೀಟರಿಗಿಂತ ಉದ್ದ ಬೇಡ, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ. ಕೆಟಲ್ಲಿನಲ್ಲಿ ಹಾಲು ಕಾಯಿಸಬೇಡಿ. ತಳ ಹಿಡಿದು ಸೀದುಹೋಗುತ್ತದೆ. ಹಾಲಿನ ಲೋಟವನ್ನು ಕುದಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಬಿಸಿ ಮಾಡಿ.

ಪ್ರಶ್ನೆ: ನಾವು ಡಾಲಸ್‌ನಲ್ಲಿದ್ದೇವೆ. ಟ್ರೇಲರ್ ಬಾಡಿಗೆಗೆ ತೆಗೆದುಕೊಂಡು ಯೆಲ್ಲೊಸ್ಟೋನ್‌ಗೆ ಹೋಗುವ ಯೋಚನೆ. ಊರಿಂದ ಅಮ್ಮ ಕಳಿಸಿದ ಕೆಟಲ್, ಫಿಲ್ಟರ್ ಎರಡೂ ಇವೆ. ಬೇರೇನು ಗಮನಿಸಬೇಕು?
— ಓದುಗರು, ಅಮೆರಿಕ

ಉತ್ತರ: ಊರಿನ ಕೆಟಲ್ ಮನೆಯಲ್ಲೇ ಇರಲಿ. 230 ವೋಲ್ಟಿನ 1500 ವ್ಯಾಟ್ ಕೆಟಲ್ ಅಲ್ಲಿಯ 120 ವೋಲ್ಟಿನಲ್ಲಿ 400 ವ್ಯಾಟಷ್ಟೇ ಕೊಡುತ್ತದೆ. ಫಿಲ್ಟರ್ ಒಯ್ಯಿರಿ.

ಕ್ಯಾಂಪಿನ 30 ಆಂಪಿಯರ್ ಸಂಪರ್ಕದಲ್ಲಿ ಒಟ್ಟು 3600 ವ್ಯಾಟ್ ಸಿಗುತ್ತದೆ. ಎಸಿ 1400, ನೀರು ಕಾಯಿಸುವ ಹಂಡೆ 1400 ಎಳೆಯುತ್ತಿರುವಾಗ ಕೆಟಲ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಹಂಡೆಯನ್ನು ಪ್ರೊಪೇನಿಗೆ ಬದಲಿಸಿಟ್ಟರೆ ಸಾಕು. ಸಂಪರ್ಕವಿಲ್ಲದ ಜಾಗದಲ್ಲಿ ತಂಗಿದಾಗ, ಇನ್ವರ್ಟರ್ ಇಲ್ಲದ ಟ್ರೇಲರಿನಲ್ಲಿ ಗೋಡೆಯ ಪ್ಲಗ್ಗುಗಳೆಲ್ಲ ಸತ್ತಿರುತ್ತವೆ; ಬ್ಯಾಟರಿಯಿಂದ ನಡೆಯುವುದು ದೀಪ, ಪಂಪು ಇಂಥವಷ್ಟೇ. ಆಗ ಪ್ರೊಪೇನ್ ಒಲೆಯೇ ಗತಿ. ಅದನ್ನು ಹಚ್ಚುವಾಗ ಚಾವಣಿಯ ಕಿಂಡಿಯನ್ನೂ ಒಂದು ಕಿಟಕಿಯನ್ನೂ ತೆರೆದಿಡಿ. ಟ್ರೇಲರ್ ಮಟ್ಟವಾಗಿ ನಿಂತಿದೆಯೋ ನೋಡಿ. ಓರೆಯಾದ ಮೇಜಿನ ಮೇಲೆ ಫಿಲ್ಟರ್ ಒಂದೇ ಪಕ್ಕ ಇಳಿಯುತ್ತದೆ.

ಬಾಡಿಗೆ ಟ್ರೇಲರಿನ ತೊಟ್ಟಿಯ ನೀರಿಗೆ ಬ್ಲೀಚಿನ ವಾಸನೆ ಇರಬಹುದು. ಮುಚ್ಚಳ ತೆರೆದು ಐದು ನಿಮಿಷ ಕುದಿಸಿ, ಇಲ್ಲವೇ ಕಾಫಿಗೆ ಮಾತ್ರ ಬಾಟಲಿ ನೀರು ಬಳಸಿ. ‘ಡಿಸ್ಟಿಲ್ಡ್’ ಎಂದಿರುವುದು ಬೇಡ; ಲವಣವೇ ಇಲ್ಲದ ನೀರಿನಲ್ಲಿ ಕಾಫಿ ಚಪ್ಪೆ.

ಅಲ್ಲಿಯ ಅಂಗಡಿಯ ಮಾಮೂಲಿ ಪುಡಿ ನಮ್ಮ ಫಿಲ್ಟರಿಗೆ ದಪ್ಪವಾಯಿತು, ಎರಡೇ ನಿಮಿಷಕ್ಕೆ ಇಳಿದುಬಿಡುತ್ತದೆ. ಎಸ್ಪ್ರೆಸೊಗಿಂತ ತುಸು ದಪ್ಪ ಪುಡಿ ಮಾಡಿಸಿ. ಚಿಕೋರಿ ಬೇಕೆಂದರೆ ನ್ಯೂ ಆರ್ಲಿನ್ಸ್‌ನಲ್ಲಿ ಅದನ್ನು ಬೆರೆಸುವ ಹಳೆಯ ರೂಢಿ ಇರುವುದರಿಂದ ಆ ಮಿಶ್ರಣದ ಡಬ್ಬಿಗಳು ದೇಶದ ತುಂಬ ಸಿಗುತ್ತವೆ. ಮನೆಯಲ್ಲಿ ಇನ್ನೊಮ್ಮೆ ಬೀಸಿಕೊಳ್ಳಿ.

ಯೆಲ್ಲೊಸ್ಟೋನ್ ಸರೋವರದ ಬಳಿ ನೀರು 92 ಡಿಗ್ರಿಗೆ ಕುದಿಯುತ್ತದೆ, ಕಾಫಿಗೆ ಯಾವ ಕೊರತೆಯೂ ಇಲ್ಲ. ಅಲ್ಲಿಯ ದೊಡ್ಡ ವಿಷಯ ಕರಡಿ. ಕಾಫಿ ಪುಡಿ, ಗಸಿ, ತೊಳೆಯದ ಲೋಟ, ಬಳಸಿದ ಪಾತ್ರೆ, ವಾಸನೆ ಇರುವ ಯಾವುದನ್ನೂ ಹೊರಗಿನ ಮೇಜಿನ ಮೇಲೆ ಬಿಟ್ಟು ಹೋಗುವಂತಿಲ್ಲ. ಗಾಡಿಯ ಒಳಗೆ ಅಥವಾ ಕರಡಿಗೆ ತೆರೆಯಲಾಗದ ಲೋಹದ ಪೆಟ್ಟಿಗೆಯಲ್ಲಿ ಇಡಬೇಕು, ಇದು ಉದ್ಯಾನದ ನಿಯಮ.

ಪ್ರಶ್ನೆ: ರೈಲಿನಲ್ಲಿ, ವಿಮಾನದಲ್ಲಿ ಏನೇನು ಒಯ್ಯಬಹುದು?
— ಓದುಗರು, ಕಲಬುರಗಿ

ಉತ್ತರ: ರೈಲಿನಲ್ಲಿ ಸ್ಟೌ ಹಚ್ಚುವುದೂ ಚಾರ್ಜಿಂಗ್ ಪ್ಲಗ್ಗಿಗೆ ಕೆಟಲ್ ಹಾಕುವುದೂ ನಿಷಿದ್ಧ, ಬೋಗಿಗೇ ಬೆಂಕಿ ತಗುಲಬಹುದು. ಬಾಟಲಿಯ ಡಿಕಾಕ್ಷನ್, ಪ್ಯಾಂಟ್ರಿಯವರಿಂದ ಬಿಸಿ ಹಾಲು, ಅಷ್ಟೇ ಸರಳ. ವಿಮಾನದಲ್ಲಿ ಗ್ಯಾಸ್ ಕ್ಯಾನು ಕೈಚೀಲದಲ್ಲೂ ಇಲ್ಲ, ಒಳಗೆ ಕೊಡುವ ಪೆಟ್ಟಿಗೆಯಲ್ಲೂ ಇಲ್ಲ. ಹೋದ ಊರಿನಲ್ಲೇ ಕೊಳ್ಳಬೇಕು. ಅಮೆರಿಕಕ್ಕೆ ಹೋಗುವವರು 350 ಮಿಲಿ ಅಳತೆಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಇಟ್ಟರೆ ತಪಾಸಣೆ ಉದ್ದವಾಗುತ್ತದೆ, ಪೆಟ್ಟಿಗೆಗೆ ಹಾಕಿ.

ಪ್ರಶ್ನೆ: ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಫಿಲ್ಟರಿನ ತೂತುಗಳು ಕಟ್ಟಿರುತ್ತವೆ. ಉರಿಗೆ ಹಿಡಿದರೆ ಬಿಡುತ್ತವೆ ಎನ್ನುತ್ತಾರೆ, ಹೌದೇ? ದಾರಿಯಲ್ಲಿ ಗಸಿಯನ್ನು ಎಲ್ಲಿ ಹಾಕುವುದು?
— ಓದುಗರು, ಚಿತ್ರದುರ್ಗ

ಉತ್ತರ: ಸ್ಟೀಲಿನದಾದರೆ ಹೌದು. ತೂತಿನ ತಳವನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಒಂದೆರಡು ನಿಮಿಷ ಕಾಯಿಸಿದರೆ ಕಟ್ಟಿದ ಜಿಡ್ಡೂ ಪುಡಿಯೂ ಸುಟ್ಟು ಬೂದಿಯಾಗುತ್ತವೆ, ಆರಿದ ಮೇಲೆ ಬ್ರಷ್ಷಿನಲ್ಲಿ ಉಜ್ಜಿ. ಕಲಾಯಿ ಇರುವ ಹಿತ್ತಾಳೆಗೆ ಹೀಗೆ ಮಾಡಬೇಡಿ. ಕಲಾಯಿಯ ತವರ 232 ಡಿಗ್ರಿಗೆ ಕರಗುತ್ತದೆ, ಗ್ಯಾಸ್ ಉರಿ ಅದಕ್ಕಿಂತ ಎಷ್ಟೋ ಬಿಸಿ. ಅದನ್ನು ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಬೆಳಕಿಗೆ ಹಿಡಿದು ನೋಡುತ್ತಾ ಕಟ್ಟಿದ ತೂತನ್ನು ಸೂಜಿಯಲ್ಲಿ ಬಿಡಿಸಿ. ಸೂಜಿಯನ್ನು ಒಳಗೆ ತಿರುಗಿಸಬೇಡಿ, ತೂತು ಅಗಲವಾದರೆ ಆಮೇಲೆ ಪುಡಿಯೇ ಇಳಿಯುತ್ತದೆ.

ಕಟ್ಟದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಗಸಿ ಬಿಸಿಯಿರುವಾಗಲೇ ಕೊಡವಿ, ಹೊರಗಿನಿಂದ ಒಳಕ್ಕೆ ನೀರು ಹಾಯುವಂತೆ ಫಿಲ್ಟರನ್ನು ತಿರುವಿ ಹಿಡಿದು ತೊಳೆಯಿರಿ. ಗಸಿಯನ್ನು ಹೊಳೆಗೆ, ಕೆರೆಗೆ ಹಾಕಬೇಡಿ. ತೊಳೆದ ನೀರನ್ನೂ ದಡದಿಂದ ಅರವತ್ತು ಮೀಟರ್ ದೂರದಲ್ಲಿ ಚೆಲ್ಲಿ. ಅದು ಗೊಬ್ಬರವಾಗುತ್ತದೆಂದು ಕಾಡಿನಲ್ಲಿ ಗುಡ್ಡೆ ಹಾಕುವುದೂ ಸರಿಯಲ್ಲ. ಬಿಗಿ ಮುಚ್ಚಳದ ಹಳೆಯ ಡಬ್ಬಿಯೊಂದನ್ನು ಅದಕ್ಕೆಂದೇ ಇಟ್ಟುಕೊಂಡು ಮನೆಗೆ ತಂದು, ಒಣಗಿಸಿ, ಗೊಬ್ಬರದ ಗುಂಡಿಗೆ ಬೇರೆ ಕಸದ ಜೊತೆ ಬೆರೆಸಿ. ಎರಡು ದಿನಕ್ಕಿಂತ ಹೆಚ್ಚು ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಉದ್ದದ ಪ್ರವಾಸವಾದರೆ ಹಳೆಯ ಪತ್ರಿಕೆಯ ಹಾಳೆಯ ಮೇಲೆ ಹರಡಿ ಬಿಸಿಲಿಗೆ ಆರಿಸಿ ಕಟ್ಟಿಕೊಳ್ಳಿ.